ಗಿಣಿಯಕ್ಕ ಹೇಳದ ಮಾತು

ಫೆಬ್ರವರಿ ೩

ಚಿಕ್ಕಮ್ಮ,

ಕ್ಷೇಮನಾ ಅಂತ ಕೇಳಲ್ಲ. ಹೆಡ್ ಆಫೀಸಲ್ಲಿ ಏಸಿ ಕೆಳಗೆ ಕೂತವರು ಕ್ಷೇಮವಾಗೇ ಇರ್ತಾರೆ. ಫೋನ್ ಯಾಕೆ ಮಾಡ್ಲಿಲ್ಲ ಅಂದ್ರೆ, ಫೋನಲ್ಲಿ ನೀನೇ ಗೆಲ್ತೀಯ. ನಾನು ಬೈಯೋಕೆ ಶುರು ಮಾಡಿದ ತಕ್ಷಣ 'ಊಟ ಆಯ್ತಾ' ಅಂತೀಯ, ನನ್ನ ಕೋಪ ಪುಸ್ ಅಂತ ಇಳಿದುಹೋಗತ್ತೆ. ಕಾಗದದಲ್ಲಿ ನಡುವೆ ಬಾಯಿ ಹಾಕಕ್ಕಾಗಲ್ಲ. ಪೂರ್ತಿ ಓದು.

ನಮ್ಮ ಲಾಂಡ್ರಿಯಲ್ಲಿ ಒಂದು ಪೋಸ್ಟರ್ ಅಂಟಿಸಿದ್ದಾರೆ. ಗೇಟಲ್ಲಿ, ಕ್ಯಾಂಟೀನಲ್ಲಿ, ನಾವು ಬಟ್ಟೆ ಬದಲಾಯಿಸೋ ರೂಮಲ್ಲೂ. ಬ್ಯಾಂಡೇಜ್ ಸುತ್ತಿದ ಕೈ ಚಿತ್ರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ:

"ಒಂದು ಗಳಿಗೆ ಮೈಮರೆತೆ. ಈಗ ನನ್ನ ಕೈ ನನ್ನ ಮಾತು ಕೇಳಲ್ಲ. ನೀವು ಮೈಮರೀಬೇಡಿ."

ಇನ್ನೂ ಕೆಳಗೆ ಇರುವೆ ಸೈಜಲ್ಲಿ, 'ರೋಲರ್ ವಿಭಾಗದ ನಮ್ಮ ಸಹೋದ್ಯೋಗಿಯ ಮಾತು' ಅಂತ.

ಆ ಸಹೋದ್ಯೋಗಿ ಗಿಣಿಯಕ್ಕ. ನಾನು ಕೆಲಸಕ್ಕೆ ಸೇರಿದಾಗಿಂದ ಚಾದರದ ಒಂದು ತುದಿ ನಾನು ಹಿಡೀತೀನಿ, ಇನ್ನೊಂದು ತುದಿ ಅವಳು. ಇಬ್ರೂ ಸೇರಿ ಬಿಸಿ ರೋಲರ್‌ಗೆ ಕೊಡ್ತೀವಿ, ಆ ಕಡೆಯಿಂದ ಇಸ್ತ್ರಿ ಆಗಿ ಬರತ್ತೆ. ಆಸ್ಪತ್ರೆ ಚಾದರ, ಹೋಟೆಲ್ ಚಾದರ, ದಿನವಿಡೀ ಅದೇ. ಗಿಣಿಯಕ್ಕ ಮಾತು ನಿಲ್ಸಲ್ಲ. ನೆಗಡಿ ಆಗಿದೆ ಅಂತ ಹೇಳೋಕೆ ಅವಳ ಅತ್ತೆ ಸತ್ತ ಕಥೆಯಿಂದ ಶುರು ಮಾಡ್ತಾಳೆ. ಇಂಥವಳು ಮೂರು ಮಾತಲ್ಲಿ ತನ್ನ ಕೈ ಕಥೆ ಮುಗಿಸ್ತಾಳಾ? ಇದು ಅವಳು ಹೇಳಿದ್ದಲ್ಲ.

ಇದನ್ನ ಬರ್ದಿದ್ದು ನೀನು. ಹೆಸರು ಹಾಕಿಲ್ಲ, ಆದ್ರೂ ಗೊತ್ತಾಗತ್ತೆ. ಅಮ್ಮನ ಹೊಲಿಗೆ ಮಷೀನ್ ಕೆಳಗೆ ಕೂತು, ನೀನು ಮನೆಯೆಲ್ಲ ಓಡಾಡ್ತಾ ನಾಟಕದ ಮಾತು ಜೋರಾಗಿ ಹೇಳಿ ನೋಡ್ತಿದ್ದಿದ್ದನ್ನ ಕೇಳ್ಕೊಂಡೇ ಬೆಳೆದವಳು ನಾನು. ಮೊದಲು ಒಂದು ಚಿಕ್ಕ ಮಾತು. ಆಮೇಲೆ ಎದೆಗೆ ಗುದ್ದೋದು ಒಂದು. ಆಮೇಲೆ ತಿರುಗಿಸಿ ನಮಗೇ ಚುಚ್ಚೋದು ಒಂದು. ನಿನ್ನ ನಾಟಕದಲ್ಲಿ ಸಾಯೋರೆಲ್ಲ ಹೀಗೇ ಮಾತಾಡಿ ಸಾಯ್ತಾರೆ.

ನಡೆದಿದ್ದು ಏನು ಅಂತ ಹೇಳ್ತೀನಿ ಕೇಳು. ರೋಲರ್ ಮುಂದೆ ಒಂದು ಕಂಬಿ ಇರತ್ತೆ. ಕೈ ತಾಗಿದ್ರೆ ಮಷೀನ್ ನಿಲ್ಲತ್ತೆ. ದಪ್ಪ ಚಾದರ ತಾಗಿದ್ರೂ ನಿಲ್ಲತ್ತೆ. ಮಷೀನ್ ನಿಂತ್ರೆ ನಮ್ಮ ಸೂಪರ್‌ವೈಸರ್‌ಗೆ ಹೊಟ್ಟೆ ಉರಿ. ನಮ್ಮ ಮುಖ ನೋಡೋ ಮೊದಲು ಕೈಗಡಿಯಾರ ನೋಡ್ತಾನೆ, ಅದಕ್ಕೇ ಅವನನ್ನ ಗಡಿಯಾರ ಅಂತೀವಿ. ಅವನು ಆ ಕಂಬೀನ ಪ್ಲಾಸ್ಟಿಕ್ ಹಗ್ಗದಲ್ಲಿ ಮೇಲಕ್ಕೆ ಕಟ್ಟಿಸಿದ್ದ. ಹೋದ ತಿಂಗಳು ಒಂದು ಚಾದರದ ಹರಿದ ಅಂಚು ಗಿಣಿಯಕ್ಕನ ಬೆರಳಿಗೆ ಸುತ್ಕೊಂಡು ಎಳೀತು. ಕಂಬಿ ಕೆಳಗಿದ್ದಿದ್ರೆ ಮಷೀನ್ ಅಲ್ಲೇ ನಿಲ್ತಿತ್ತು. ನಿಲ್ಲಲಿಲ್ಲ. ನಾನು ಸುತ್ತು ಹಾಕಿ ಆ ಕಡೆ ಓಡಿ ಕೆಂಪು ಗುಂಡಿ ಒತ್ತಬೇಕಾಯ್ತು. ಆ ವಾಸನೆ ಇನ್ನೂ ನನ್ನ ಮೂಗಿಂದ ಹೋಗಿಲ್ಲ.

ಇದು ಮೈಮರೆತಿದ್ದಾ?

ನಾಟಕ ಬರೆದೆ. ಆಮೇಲೆ ಸರ್ಕಾರಕ್ಕೆ ಹೋಗಿ ಮಂತ್ರಿಗಳ ಭಾಷಣ ಬರೆದೆ. ಈಗ ಕಂಪನಿ. ಎಲ್ಲರೂ ಬಾಯಿ ಬಿಟ್ಕೊಂಡು ಹೊಗಳ್ತಾರೆ, ನಿನ್ನ ಚಿಕ್ಕಮ್ಮ ಎಷ್ಟು ಕಡೆ ಪಳಗಿದವಳು ಅಂತ. ಪಳಗಿದ್ದು ಹೌದು. ದನ ಪಳಗಿದ ಹಾಗೆ.

ಅದನ್ನ ತೆಗೆಸು.

ನಿನ್ನ ಅಕ್ಕನ ಮಗಳು
ಸಿಡುಕಿ ಅಂತ ಸಹಿ ಹಾಕಲ್ಲ. ಆ ಹೆಸರು ಇಟ್ಟವಳು ನೀನು.

*

ಫೆಬ್ರವರಿ ೧೧

ಸಿಡುಕಿ,

ಪೂರ್ತಿ ಓದಿದೆ. ನಡುವೆ ಬಾಯಿ ಹಾಕಲಿಲ್ಲ. ಊಟ ಆಯ್ತಾ ಅಂತಾನೂ ಕೇಳಲ್ಲ.

ಮಾತು ನಂದೇ. ಕಂಪನಿಗೆ ಊರೂರಲ್ಲಿ ಲಾಂಡ್ರಿ ಇದೆ, ನಿನ್ನದೇ ಲಾಂಡ್ರಿ ಅಂತ ಗೊತ್ತಿರಲಿಲ್ಲ. ನಮ್ಮ ಮ್ಯಾನೇಜರ್ ಫೋನ್ ಮಾಡಿದ್ರು, 'ಗಮನ ತಪ್ಪಿ ಒಬ್ಬರ ಕೈಗೆ ಪೆಟ್ಟಾಗಿದೆ, ಉಳಿದವರಿಗೆ ಎಚ್ಚರಿಕೆ ಹೇಳೋ ಪೋಸ್ಟರ್ ಬೇಕು, ಮನಸ್ಸಿಗೆ ನಾಟೋ ಹಾಗಿರ್ಲಿ' ಅಂದ್ರು. ಎತ್ತು ಈಯಿತು ಅಂದ್ರು, ಕೊಟ್ಟಿಗೆಗೆ ಕಟ್ಟಿದೆ. ಟೀ ಆರೋದ್ರೊಳಗೆ ಬರೆದು ಕಳ್ಸಿದೆ.

ಇಲ್ಲಿ ಅದು ದಿನಾ ಮಾಡೋ ಕೆಲಸ ಕಣೆ. 'ಈ ಸೋಪು ಬಂದ್ಮೇಲೆ ನನ್ನ ಮನೇನೇ ಬದಲಾಯ್ತು' ಅಂತ ಜಾಹೀರಾತಲ್ಲಿ ಒಬ್ಬಳು ನಗ್ತಿರ್ತಾಳಲ್ಲ, ಅವಳೂ ಅದನ್ನ ಹೇಳಿರಲ್ಲ. ಯಾರಿಗೂ ನೋವಾಗಲ್ಲ, ಹಾಗಾಗಿ ಅಭ್ಯಾಸ ಆಗಿಬಿಟ್ಟಿದೆ.

ನಾಟಕ ಬಿಟ್ಟಿದ್ದನ್ನ ನೀನು ಇಷ್ಟು ವರ್ಷ ಕ್ಷಮಿಸಿಲ್ಲ. ನಾಟಕದವರು ತಿಂಗಳ ಕೊನೆಗೆ ಚಪ್ಪಾಳೆ ಕೊಡ್ತಿದ್ರು. ಚಪ್ಪಾಳೇನ ಒಲೆ ಮೇಲಿಟ್ಟು ಎಷ್ಟು ಹೊತ್ತು ಬೇಯಿಸೋದು? ಸರ್ಕಾರದಲ್ಲೂ ಬರೀ ಭಾಷಣ ಬರೀಲಿಲ್ಲ. ನೀರು ಏರ್ತಿದೆ, ಮನೆ ಬಿಡಿ ಅಂತ ಹೊಳೆ ದಡದ ಬೀದಿಗಳಲ್ಲಿ ಮೈಕಲ್ಲಿ ಕೂಗಿಸಿದ ಮಾತೂ ನಂದೇ. ಜನ ಎದ್ದು ಹೊರಟ್ರು. ಅದಕ್ಕೆ ಯಾರೂ ಚಪ್ಪಾಳೆ ಹೊಡೀಲಿಲ್ಲ, ನನಗೂ ಬೇಕಿರಲಿಲ್ಲ.

ಪೋಸ್ಟರ್ ತೆಗೆಸ್ತೀನಿ. ಸದ್ದಿಲ್ಲದೆ ಆಗತ್ತೆ. ನೀನು ಮಾತ್ರ ಅಲ್ಲಿ ಗಲಾಟೆ ಮಾಡ್ಬೇಡ, ನಿನ್ನ ಕೆಲಸಕ್ಕೆ ಕುತ್ತು ತಂದ್ಕೋಬೇಡ. ಅಕ್ಕನಿಗೆ ಕಣ್ಣಿನ ಡ್ರಾಪ್ಸ್ ಮರೀದೆ ಹಾಕು.

ಪ್ರೀತಿಯಿಂದ
ಚಿಕ್ಕಮ್ಮ

*

ಫೆಬ್ರವರಿ ೨೦

ಚಿಕ್ಕಮ್ಮ,

ಪೋಸ್ಟರ್ ತೆಗೆದ್ರು. ಗೋಡೆ ಮೇಲೆ ಅಂಟಿನ ಗುರುತು ಚೌಕ ಚೌಕವಾಗಿ ಉಳಿದಿದೆ. ಇಷ್ಟಕ್ಕೆ ಮುಗೀತು ಅನ್ಕೊಂಡ್ಯಾ? ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು.

ಆ ಮಾತು ಎಲ್ಲರ ಬಾಯಲ್ಲೂ ಕೂತಿದೆ. ಕ್ಯಾಂಟೀನಲ್ಲಿ ಒಬ್ಬಳ ಕೈಯಿಂದ ಲೋಟ ಜಾರಿತು, ಪಕ್ಕದವಳು 'ಒಂದು ಗಳಿಗೆ ಮೈಮರೆತೆ' ಅಂದ್ಲು, ಎಲ್ಲಾ ನಕ್ರು. ಗಡಿಯಾರ ಅಂತೂ ದೇವರ ಮಾತು ಹೇಳಿದ ಹಾಗೆ ಹೇಳ್ಕೊಂಡು ತಿರುಗ್ತಿದ್ದಾನೆ. 'ಪಾಪ, ಅವಳೇ ಒಪ್ಕೊಂಡಿದ್ದಾಳಲ್ಲ' ಅಂತಾನೆ.

ಭಾನುವಾರ ಆಸ್ಪತ್ರೆಗೆ ಹೋಗಿದ್ದೆ. ಗಿಣಿಯಕ್ಕನ ಕೈ ದಿಂಬಿನ ಮೇಲೆ ಇಟ್ಟಿದ್ರು, ಮೊಣಕೈವರೆಗೂ ಬಿಳಿ ಬಟ್ಟೆ. ಮಾತಂತೂ ಜೋರಾಗೇ ಇತ್ತು. ಆ ಕಡೆ ಮಂಚದವಳ ಗಂಡನ ಎರಡನೇ ಸಂಸಾರದ ಕಥೆ ಎಲ್ಲಾ ಹೇಳಿದ್ಲು, ಆ ಕಡೆ ಮಂಚದವಳು ಕೇಳಿಸ್ಕೊಳ್ತಿರೋವಾಗ್ಲೇ. ಆಮೇಲೆ ಕೇಳಿದೆ.

"ಅಕ್ಕ, ಪೋಸ್ಟರ್ ವಿಷಯ ಗೊತ್ತಾ?"

"ಫೋನಲ್ಲಿ ಫೋಟೋ ತೋರಿಸಿದ್ರು ಕಣೆ. ಚೆನ್ನಾಗಿ ಹೇಳಿದ್ದೀನಿ ಅಲ್ವಾ?"

"ನೀನು ಹೇಳ್ಲಿಲ್ಲ ಅದನ್ನ."

"ಹೇಳಿರ್ಬೇಕು ಕಣೆ. ಇಂಜೆಕ್ಷನ್ ಮಂಪರಲ್ಲಿ ಏನೇನೋ ಒದರಿದ್ನಂತೆ. ಯಾರೋ ಬರ್ಕೊಂಡಿರ್ತಾರೆ."

"ಮೈಮರೆತಿದ್ಯಾ ನೀನು? ನಿಜ ಹೇಳು."

ಗಿಣಿಯಕ್ಕ ಸುಮ್ಮನಾದ್ಲು ಚಿಕ್ಕಮ್ಮ. ಗಿಣಿಯಕ್ಕ. ಸುಮ್ಮನಾದ್ಲು. ಆಮೇಲೆ ಅಂದ್ಲು, "ಮೈಮರೆತಿರ್ಬೇಕು. ಇಲ್ದಿದ್ರೆ ಕೈ ಯಾಕೆ ಒಳಗೆ ಹೋಗತ್ತೆ?"

ಅರ್ಥ ಆಯ್ತಾ ನೀನೇನು ಮಾಡಿದ್ದೀಯ ಅಂತ? ರೋಲರ್ ಅವಳ ಕೈ ತಗೊಂಡಿತು. ಅವತ್ತು ನಡೆದಿದ್ದನ್ನ ನೀನು ತಗೊಂಡೆ.

ಮಾರ್ಚ್ ಮಧ್ಯದಲ್ಲಿ ಸರ್ಕಾರದ ಇನ್ಸ್‌ಪೆಕ್ಟರ್ ವಿಚಾರಣೆಗೆ ಬರ್ತಾರೆ. ಕಂಪನಿಯವರು ಕೊಡೋ ಕಾಗದಗಳ ಜೊತೆ ನಿನ್ನ ಪೋಸ್ಟರ್ ಕೂಡ ಇಟ್ಟಿದ್ದಾರೆ ಅಂತ ಆಫೀಸಿನ ಹುಡುಗಿ ಹೇಳಿದ್ಲು. ತಪ್ಪು ಅವಳದೇ ಅಂತ ಆದ್ರೆ ಗಿಣಿಯಕ್ಕನ್ನ ವಾಪಸ್ ಕೆಲಸಕ್ಕೆ ತಗೊಳಲ್ಲ. ಆಸ್ಪತ್ರೆ ಖರ್ಚೂ ಅವಳ ತಲೆ ಮೇಲೆ. ಹೊಸ ಕೆಲಸ ಕೇಳೋಣ ಅಂದ್ರೆ, ಬೆರಳು ಮಡಚಕ್ಕೆ ಬರದವಳಿಗೆ ಯಾರು ಕೊಡ್ತಾರೆ?

ಸದ್ದಿಲ್ಲದೆ ಅಂತ ಬರೆದಿದ್ದೀಯ. ನಿನಗೆ ಅಡ್ಡಗೋಡೆ ಮೇಲೆ ದೀಪ ಇಟ್ಟು ಅಭ್ಯಾಸ ಆಗಿಬಿಟ್ಟಿದೆ. ಸದ್ದು ಮಾಡಿ ಕಟ್ಟಿದ್ದನ್ನ ಸದ್ದು ಮಾಡೇ ಬಿಚ್ಚಬೇಕು. ನೀನು ಬಾ. ಎಲ್ಲರ ಮುಂದೆ ನಿಂತ್ಕೊಂಡು ಆ ಮಾತು ನಂದು, ಅವಳದಲ್ಲ ಅಂತ ಹೇಳು. ಅಷ್ಟೇ ಕೇಳೋದು.

ನಿನ್ನ ಅಕ್ಕನ ಮಗಳು

*

ಫೆಬ್ರವರಿ ೨೮

ಸಿಡುಕಿ,

ಇದನ್ನ ಮನೆಯಿಂದ ಬರೀತಿದ್ದೀನಿ, ಆಫೀಸಿಂದ ಅಲ್ಲ.

ಮ್ಯಾನೇಜರ್ ಹತ್ರ ಹೋದೆ. ಅವರು ಕಂಪನಿ ವಕೀಲರನ್ನ ಕರೆಸಿದ್ರು. ಕೆಲಸಕ್ಕೆ ಸೇರಿದಾಗ ನಾನು ಸಹಿ ಹಾಕಿದ ಕಾಗದಾನ ವಕೀಲರು ನಗ್ತಾ ನಗ್ತಾ ಮುಂದಿಟ್ರು. ಇಲ್ಲಿ ನಾನು ಬರೆಯೋ ಪ್ರತಿಯೊಂದು ಮಾತೂ ಕಂಪನೀದು, ಅದು ನಂದು ಅಂತ ನಾನು ಎಲ್ಲೂ ಹೇಳೋ ಹಾಗಿಲ್ಲ. ಹೇಳಿದ್ರೆ ಕೆಲಸ ಹೋಗತ್ತೆ, ಅದೊಂದೇ ಅಲ್ಲ, ನನ್ನ ಮೇಲೆ ಕೇಸೂ ಹಾಕಬಹುದು.

ನಾಟಕದಲ್ಲಿದ್ದಾಗ ನನ್ನ ಹೆಸರು ಗೋಡೆ ಮೇಲೆ ಇರ್ತಿತ್ತು. ಸರ್ಕಾರದಲ್ಲಿ ಮಾತು ಮಂತ್ರಿಗಳದಾಯ್ತು, ಪರವಾಗಿಲ್ಲ ಅನ್ಕೊಂಡೆ. ಇಲ್ಲಿಗೆ ಬರೋ ಹೊತ್ತಿಗೆ ನನ್ನ ಮಾತು ನಂದು ಅಂತ ಹೇಳೋದೇ ಅಪರಾಧ ಆಗಿದೆ. ಒಂದೊಂದೇ ಮೆಟ್ಟಿಲು ಇಳಿದಿದ್ದು ಕಣೆ, ಇಳಿಯೋವಾಗ ಹತ್ತುತ್ತಿದ್ದೀನಿ ಅನ್ನಿಸ್ತಿತ್ತು. ಸಂಬಳ ಹತ್ತುತ್ತಿತ್ತಲ್ಲ.

ಯೋಚ್ನೆ ಮಾಡೋಕೆ ಸ್ವಲ್ಪ ಬಿಡು.

ಚಿಕ್ಕಮ್ಮ

*

ಮಾರ್ಚ್ ೫

ಚಿಕ್ಕಮ್ಮ,

ಮಾಡು ಯೋಚ್ನೆ. ಗಿಣಿಯಕ್ಕನ ಚರ್ಮ ಒಣಗೋವರೆಗೂ ಮಾಡು.

ನಾನು ಎಂಟನೇ ಕ್ಲಾಸಲ್ಲಿ ಸ್ಕೂಲ್ ಯಾಕೆ ಬಿಟ್ಟೆ ಅಂತ ಎಲ್ಲರ ಹತ್ರ ಹೇಳ್ತೀಯಲ್ಲ, 'ಓದಿನ ಮೇಲೆ ಆಸಕ್ತಿ ಇರಲಿಲ್ಲ' ಅಂತ. ಸುಳ್ಳು. ಲ್ಯಾಬಿನ ಗಾಜು ಒಡೆದಿದ್ದು ನಾನಲ್ಲ. ಹೆಡ್‌ಮಾಸ್ಟರ್ ಬಿಳಿ ಹಾಳೆ ಕೊಟ್ಟು, 'ನಾನೇ ಒಡೆದೆ, ಕ್ಷಮಿಸಿ ಅಂತ ಬರ್ಕೊಡು, ವಿಷಯ ಇಲ್ಲಿಗೇ ಬಿಡ್ತೀವಿ' ಅಂದ್ರು. ನಾನು ಒಲ್ಲೆ ಅಂದೆ. ಆಗ ನೀನು ಸರ್ಕಾರಿ ಜೀಪಲ್ಲಿ ಬಂದು ಇಳಿದೆ. ನನ್ನ ಪರವಾಗಿ ಮಾತಾಡ್ತೀಯ ಅಂತ ಓಡಿ ಬಂದೆ. ನೀನು ತಲೆ ಸವರಿ, 'ಬರೀ ನಾಲ್ಕು ಮಾತು ತಾನೇ, ಬರ್ದು ಬಿಸಾಕಿಬಿಡು' ಅಂದೆ.

ಬರೀ ಮಾತು. ನಿನ್ನ ಬಾಯಿಂದ.

ನಾನು ಬರ್ಕೊಡ್ಲಿಲ್ಲ. ಚೀಲ ತಗೊಂಡು ಮನೆಗೆ ನಡೆದೆ. ಅದಕ್ಕೆ ಬೇಜಾರಿಲ್ಲ. ಬೇಜಾರಾಗಿದ್ದು ನೀನು ಹಾಗಂದಿದ್ದಕ್ಕೆ.

ವಿಚಾರಣೆ ಹದಿನೇಳನೇ ತಾರೀಕು, ಕ್ಯಾಂಟೀನಲ್ಲಿ. ಕಂಬಿ ಕಟ್ಟಿದ್ರು ಅಂತ ನಾನಂತೂ ಹೇಳ್ತೀನಿ. ನನ್ನ ಕೆಲಸ ಹೋದ್ರೆ ಹೋಗ್ಲಿ, ಅಮ್ಮನ ಹತ್ರ ಕಾಜಾ ಹಾಕ್ಕೊಂಡು ಕೂತಿರ್ತೀನಿ. ಆದ್ರೆ ಗಿಣಿಯಕ್ಕನೇ ಒಪ್ಕೊಂಡಿದ್ದಾಳೆ ಅಂತ ಅವರು ಪೋಸ್ಟರ್ ಮೇಲೆತ್ತಿ ಹಿಡಿದ್ರೆ, ನನ್ನ ಮಾತು ಯಾರು ಕೇಳ್ತಾರೆ?

'ಅವಳು ಬರ್ತಾಳೆ ಬಿಡೇ' ಅಂತಾಳೆ ಅಮ್ಮ. 'ನಿನ್ನ ತಂಗಿ ಬರೀತಾಳೆ, ಬರಲ್ಲ' ಅಂದೆ. ಅಮ್ಮ ಸೂಜಿ ಹಿಡಿದ ಕೈಯಲ್ಲೇ ಹೊಡೆಯಕ್ಕೆ ಬಂದ್ಲು.

ಸಹಿ ಇಲ್ಲ

*

ಮಾರ್ಚ್ ೧೮

ಗಿಣಿಯಕ್ಕಾ,

ಚರ್ಮದ ಆಪರೇಷನ್ ಆಗಿದೆ, ವಾರ್ಡಿಗೆ ಯಾರನ್ನೂ ಬಿಡಲ್ಲ ಅಂತ ಬಾಗಿಲಲ್ಲೇ ವಾಪಸ್ ಕಳ್ಸಿದ್ರು. ಅದಕ್ಕೇ ಇದನ್ನ ನರ್ಸ್ ಕೈಲಿ ಕೊಡ್ತಿದ್ದೀನಿ. ಎಡಗೈಯಲ್ಲಿ ಹಿಡ್ಕೊಂಡು ಓದು. ಓದೋವಾಗಾದ್ರೂ ಬಾಯಿಗೆ ರಜಾ ಕೊಡು.

ನಿನ್ನೆ ಕ್ಯಾಂಟೀನಲ್ಲಿ ಮೇಜು ಜೋಡಿಸಿದ್ರು. ಇನ್ಸ್‌ಪೆಕ್ಟರ್‌ಗೆ ನೆಗಡಿ. ಏನು ಹೇಳಿದ್ರೂ 'ಅದಿರಲಿ' ಅಂತಾರೆ, ಮೂಗು ಒರೆಸ್ಕೊತಾರೆ. ಪಕ್ಕದಲ್ಲಿ ಅವರ ಗುಮಾಸ್ತ, ಎಲ್ಲಾ ಬರ್ಕೊಳ್ಳೋನು. ಈ ಕಡೆ ಕಂಪನಿ ವಕೀಲರು, ಗಡಿಯಾರ. ಆ ಕಡೆ ನಾವು ಹೆಂಗಸರು, ಪರೀಕ್ಷೆಗೆ ಕೂತ ಹಾಗೆ. ವಕೀಲರು ಮೊದಲೇ ಪೋಸ್ಟರ್ ತೆಗೆದು ಮೇಜಿನ ಮೇಲೆ ಹರಡಿದ್ರು. 'ನೋಡಿ ಸರ್, ಗಾಯ ಆದವರ ಮಾತೇ ಇದು' ಅಂದ್ರು.

ನಾನು ಎದ್ದು ಅವಳು ಹೇಳಿಲ್ಲ ಅಂದೆ. ಇನ್ಸ್‌ಪೆಕ್ಟರ್, 'ಅದಿರಲಿ, ಯಾರು ಹೇಳಿದ್ದು ಮತ್ತೆ?' ಅಂದ್ರು. ಹೆಡ್ ಆಫೀಸಲ್ಲಿ ಯಾರೋ ಅಂದ್ರೆ ಯಾರು ನಂಬ್ತಾರೆ?

ಆಗ ಹಿಂದಿಂದ 'ನಾನು' ಅಂತ ಕೇಳಿಸ್ತು.

ಬಾಗಿಲಲ್ಲಿ ನನ್ನ ಚಿಕ್ಕಮ್ಮ ನಿಂತಿದ್ಲು. ನಾಟಕ ಬರೀತಿದ್ಲು, ಈಗ ಕಂಪನೀಲಿ ದೊಡ್ಡ ಕೆಲಸ ಅಂತ ಹೇಳ್ತಿದ್ನಲ್ಲ, ಅವಳೇ. ಬಸ್ಸಲ್ಲಿ ಬಂದಿದ್ಲು, ಬಟ್ಟೆ ಎಲ್ಲಾ ಮುದುಡಿತ್ತು. ನಮ್ಮ ಲಾಂಡ್ರಿಗೆ ಅಂಥ ಬಟ್ಟೇಲಿ ಬರೋಕೆ ಧೈರ್ಯ ಬೇಕು.

"ಈ ಮೂರು ಮಾತು ಬರ್ದಿದ್ದು ನಾನು. ಆ ಹೆಂಗಸನ್ನ ನಾನು ನೋಡೇ ಇಲ್ಲ" ಅಂದ್ಲು.

ವಕೀಲರ ಮುಖ ಸೋಪು ನೀರಿಗೆ ಬಿದ್ದ ಹಾಗಾಯ್ತು. ಇನ್ಸ್‌ಪೆಕ್ಟರ್ ಮಾತ್ರ ನಂಬಲೇ ಇಲ್ಲ ಅಕ್ಕ.

"ಮೇಡಂ, ಅದಿರಲಿ. ಇದು ನೋವು ಉಂಡವರ ಮಾತಿನ ಹಾಗಿದೆ. ಆಫೀಸಲ್ಲಿ ಕೂತು ಹೀಗೆ ಬರಿಯೋಕೆ ಆಗತ್ತಾ?"

"ಅದೇ ನನ್ನ ಕಸುಬು."

"ಬೇರೆಯವರ ಮಾತನ್ನ ಹುಟ್ಟಿಸೋದಾ?"

ಚಿಕ್ಕಮ್ಮ ಅವರನ್ನೇ ಸ್ವಲ್ಪ ಹೊತ್ತು ನೋಡಿದ್ಲು. ಆಮೇಲೆ, ಅವರದೇ ನೆಗಡಿ ಗಂಟಲು, ತಲೆ ಅಲ್ಲಾಡಿಸೋದು, ಎಲ್ಲಾ ಸೇರಿಸಿ ಹೇಳಿದ್ಲು: "ಅದಿರಲಿ. ನಾನೂ ಒಂದು ಕಾಲದಲ್ಲಿ ಮಷೀನ್ ಮುಂದೆ ನಿಂತವನೇ. ಕಾಲು ನೋವು ಹೋಯ್ತು. ಕಿವೀಲಿ ಆ ಸದ್ದು ಮಾತ್ರ ಹೋಗ್ಲಿಲ್ಲ."

ನಾವೆಲ್ಲ ಬಾಯಿ ಮುಚ್ಕೊಂಡು ನಕ್ವಿ. ಅಷ್ಟರಲ್ಲಿ ಗುಮಾಸ್ತ ತಲೆ ಎತ್ತಿ, "ಹೌದು ಸರ್, ಹೋದ ವಾರ ಜೀಪಲ್ಲಿ ನೀವು ಇದನ್ನೇ ಹೇಳಿದ್ರಿ" ಅಂದ!

ಇನ್ಸ್‌ಪೆಕ್ಟರ್ ಅವನ ಕಡೆ ತಿರುಗಿದ್ರು. "ಏನಯ್ಯಾ? ನಾನು ಹುಟ್ಟಿದಾಗಿಂದ ಯಾವ ಮಷೀನ್ ಮುಂದೇನೂ ನಿಂತವನಲ್ಲ."

"ಇಲ್ಲ ಸರ್, ಹೇಳಿದ್ರಿ, ನಂಗೆ ನೆನಪಿದೆ" ಅಂತ ಅವನು ಹಟ ಹಿಡಿದ. ಪಾಪ, ನಿಜವಾಗ್ಲೂ ನೆನಪಿತ್ತು ಅವನಿಗೆ.

ಆಮೇಲೆ ಯಾರೂ ನಗಲಿಲ್ಲ. ಚಿಕ್ಕಮ್ಮ ಮೆಲ್ಲಗೆ ಅಂದ್ಲು, "ಆ ಹೆಂಗಸಿಗೂ ಈಗ ಹೀಗೇ ನೆನಪಿದೆ ಸರ್. ತಾನೇ ಹೇಳಿದೆ ಅಂತ." ಇನ್ಸ್‌ಪೆಕ್ಟರ್ ಪೋಸ್ಟರ್ ಮಡಚಿ ಪಕ್ಕಕ್ಕಿಟ್ರು. ಮೊದಲನೇ ಸಲ ಅವರು 'ಅದಿರಲಿ' ಅನ್ನಲಿಲ್ಲ.

ಕಂಬಿ ವಿಷಯ ಬಂತು. ಕಟ್ಟಿಸಿದ್ರು ಅಂತ ನಾನು ಹೇಳಿದೆ, ಬಟ್ಟೆ ಮಡಚೋ ವಿಭಾಗದ ಅಜ್ಜಿನೂ ಹೇಳಿದ್ಲು. ಗಡಿಯಾರ ಎದೆ ಮೇಲೆ ಕೈ ಇಟ್ಕೊಂಡು, 'ನಮ್ಮಲ್ಲಿ ಯಾವತ್ತೂ ಕಟ್ಟೋ ಪದ್ಧತಿ ಇಲ್ಲ ಸರ್, ಬನ್ನಿ ನೋಡಿ' ಅಂದ. ಎಲ್ಲರೂ ಹೋದ್ವಿ. ನಮ್ಮ ರೋಲರ್ ಕಂಬಿ ಮದುಮಗಳ ಹಾಗೆ ಒರೆಸಿ ಇಟ್ಟಿದ್ರು. ಪಕ್ಕದ ರೋಲರ್ ನೋಡಿದ್ರೆ, ನೀಲಿ ಹಗ್ಗದಲ್ಲಿ ಕಟ್ಟಿದ್ದು ಕಟ್ಟಿದ ಹಾಗೇ ಇದೆ! ಅದನ್ನ ಬಿಚ್ಚೋದು ಮರ್ತೇಬಿಟ್ಟಿದ್ದ ಪುಣ್ಯಾತ್ಮ. ದಿನಾ ನೋಡಿ ನೋಡಿ ಅವನ ಕಣ್ಣಿಗೆ ಅದು ಮಷೀನಿನ ಭಾಗವೇ ಆಗಿಹೋಗಿತ್ತು.

ತೀರ್ಪಿಗೆ ಇನ್ನೂ ಸ್ವಲ್ಪ ದಿನ ಬೇಕಂತೆ. ನೀನು ಮಾತ್ರ ಒಂದು ನೆನಪಿಟ್ಕೊ. ಆ ಮಾತು ನಿಂದಲ್ಲ. ಬರ್ದವಳೇ ಬಂದು ವಾಪಸ್ ತಗೊಂಡು ಹೋದ್ಲು.

ಬೇಗ ಬಾ. ಆ ತುದಿ ಹಿಡಿಯೋಕೆ ಈಗ ಒಬ್ಬಳನ್ನ ಹಾಕಿದ್ದಾರೆ, ಬಾಯೇ ಬಿಡಲ್ಲ. ನಂಗೆ ಹುಚ್ಚು ಹಿಡೀತಿದೆ.

ನಿನ್ನ ಈ ಕಡೆ ತುದಿ

*

ಏಪ್ರಿಲ್ ೪

ಸಿಡುಕಿ,

ಅವತ್ತು ಬಸ್ ಸ್ಟ್ಯಾಂಡಿಗೆ ನೀನು ಬಿಡೋಕೆ ಬಂದೆ. ಅದೇ ಚೆನ್ನಾಗಿತ್ತು. ನೀನು ಕಿಟಕಿಯಿಂದ ಬಾಳೆಹಣ್ಣು ತುರುಕಿದ್ದೂ ಚೆನ್ನಾಗಿತ್ತು.

ಕಂಪನಿ ನನ್ನನ್ನ ಬಿಟ್ಟುಬಿಟ್ಟಿತು. ಕೇಸು ಹಾಕಲ್ಲವಂತೆ, ಹಾಕಿದ್ರೆ ಪೋಸ್ಟರ್ ವಿಷಯ ಪೇಪರ್‌ಗೆ ಬರತ್ತೆ ಅಂತ ಭಯ. ಖಾಲಿ ರಟ್ಟಿನ ಡಬ್ಬ ಕೊಟ್ಟು 'ನಿಮ್ಮ ಸಾಮಾನು ಹಾಕ್ಕೊಳ್ಳಿ' ಅಂದ್ರು. ಹಾಕೋಕೆ ಒಂದು ಲೋಟ, ಒಂದು ಸ್ವೆಟರ್ ಬಿಟ್ರೆ ಏನೂ ಇರಲಿಲ್ಲ. ಇಷ್ಟು ವರ್ಷ ಬರ್ದಿದ್ದೆಲ್ಲ ಅವರದೇ ಅಲ್ವಾ.

ಭಯ ಆಗ್ತಿದೆ, ಸುಳ್ಳು ಹೇಳಲ್ಲ. ಆದ್ರೆ ಕ್ಯಾಂಟೀನಲ್ಲಿ ಆ ಇನ್ಸ್‌ಪೆಕ್ಟರ್ ಮಾತು ಹೇಳಿದೆನಲ್ಲ, ಎಷ್ಟೋ ವರ್ಷದ ಮೇಲೆ ಜೀವ ಇರೋ ಜನರ ಮುಂದೆ ಮಾತು ಆಡಿಸಿದ್ದು. ಒಂಥರಾ ಖುಷಿ ಆಯ್ತು. ಹಳೇ ಇಲಾಖೆಯ ಗೆಳತಿ ಒಬ್ಬಳು ಫೋನ್ ಮಾಡಿದ್ಲು. ಕಾರ್ಖಾನೆ ಕಾನೂನನ್ನ ಕೆಲಸದವರಿಗೆ ಅರ್ಥ ಆಗೋ ಭಾಷೇಲಿ ಬರೆಯೋರು ಬೇಕಂತೆ. ನಾನು ಒಂದೇ ಷರತ್ತು ಹಾಕಿದ್ದೀನಿ: ಬರೆಯೋ ಮೊದಲು ಹೋಗಿ ನೋಡ್ತೀನಿ, ಕೇಳ್ತೀನಿ. ಯೋಚಿಸಿ ಹೇಳ್ತೀವಿ ಅಂದಿದ್ದಾರೆ. ಸರ್ಕಾರ ಅಲ್ವಾ, ಯೋಚಿಸ್ಲಿ.

ಆ ಹೆಡ್‌ಮಾಸ್ಟರ್ ವಿಷಯ ಬರ್ದಿದ್ಯಲ್ಲ. ಅದಕ್ಕೆ ಉತ್ತರ ಬರೆಯೋಕೆ ನಾಲ್ಕು ಸಲ ಕೂತೆ. ಬರ್ದಿದ್ದೆಲ್ಲ ಚೆನ್ನಾಗಿ ಬಂತು, ಅದಕ್ಕೇ ಹರಿದು ಹಾಕಿದೆ. ಮುಂದಿನ ಸಲ ಎದುರಿಗೆ ಕೂತು ಹೇಳ್ತೀನಿ.

ಈಗ ಕೆಲಸದ ಮಾತು. ಇನ್ಸ್‌ಪೆಕ್ಟರ್ ಆದೇಶ ಬಂದಿದೆ, ನಿಂಗೂ ಗೊತ್ತಾಗಿರತ್ತೆ. ತಪ್ಪು ಅವಳದಲ್ಲ, ಕೆಲಸ ಉಳಿಸಬೇಕು, ಚಿಕಿತ್ಸೆ ಕಂಪನಿಯೇ ನೋಡ್ಕೋಬೇಕು. ಅದರ ಜೊತೆ ಇನ್ನೊಂದು ಹೇಳಿದ್ದಾರೆ: ಹಳೇ ಪೋಸ್ಟರ್ ಇದ್ದ ಕಡೆಯೆಲ್ಲ ಹೊಸದು ಹಾಕಬೇಕು, ಅವಳು ನಿಜವಾಗಿ ಹೇಳಿದ ಮಾತು. ನಾನು ಹೊರಡೋವಾಗ ಮ್ಯಾನೇಜರ್, 'ಇದೊಂದು ಬರ್ಕೊಟ್ಟು ಹೋಗಿ' ಅಂದ್ರು. ನಾನು ಆಗಲ್ಲ ಅಂದೆ.

ನಾನು ಹೋಗಿ ಕೇಳಿದ್ರೂ ತಿದ್ದಿಬಿಡ್ತೀನಿ ಕಣೆ. ಅವಳು ಒಂದು ಹೇಳಿದ್ರೆ ನನ್ನ ಕೈ ಅದನ್ನ ಸುಂದರ ಮಾಡಿಬಿಡತ್ತೆ. ನೀನು ಕೇಳು. ಹೇಳಿದ ಹಾಗೆ ಬರ್ಕೊ. ಒಂದಕ್ಷರ ಸೇರಿಸ್ಬೇಡ.

ಚಿಕ್ಕಮ್ಮ

*

ಏಪ್ರಿಲ್ ೨೭

ಚಿಕ್ಕಮ್ಮ,

ಹೇಳಿದ ಹಾಗೆ ಬರ್ಕೊ ಅಂತ ಸುಲಭವಾಗಿ ಬರ್ದುಬಿಟ್ಟೆ. ಗಿಣಿಯಕ್ಕ ಹೇಳಿದ್ದನ್ನೆಲ್ಲ ಬರ್ಕೊಂಡಿದ್ರೆ ಲಾಂಡ್ರಿ ಗೋಡೆ ಸಾಕಾಗ್ತಿರಲಿಲ್ಲ, ಹೊರಗಡೆ ಕಾಂಪೌಂಡಿಗೂ ಅಂಟಿಸ್ಬೇಕಾಗ್ತಿತ್ತು.

ಅವಳ ಮನೆಗೆ ಹೋದೆ. ಪೋಸ್ಟರ್‌ಗೆ ಏನು ಹಾಕೋಣ ಅಂದೆ. ಅವಳು ಲಾಂಡ್ರಿಗೆ ಸೇರಿದ ದಿನದಿಂದ ಶುರು ಮಾಡಿದ್ಲು. ಆಗಿನ ಮ್ಯಾನೇಜರ್ ಮೀಸೆ, ಅವನ ಹೆಂಡತಿಯ ಗೂರಲು, ಮೊದಲನೇ ರೋಲರ್ ಬಂದಾಗ ಲಾರಿ ಸಿಕ್ಕಿಹಾಕ್ಕೊಂಡಿದ್ದು. ನಾನು ಪೆನ್ನು ಕೆಳಗಿಟ್ಟು ಟೀ ಮಾಡಿದೆ, ಕುಡಿದೆ, ಲೋಟ ತೊಳೆದೆ. ಅವಳಿನ್ನೂ ಲಾರಿ ತೆಗೀತಾನೇ ಇದ್ಲು.

ಆಮೇಲೆ ಮಾತು ಮಾತಲ್ಲೇ ಕಂಬಿ ಹತ್ರ ಬಂದು ನಿಂತ್ಲು. ಕೆಳಗೆ ನೋಡ್ಕೊಂಡು ಹೇಳಿದ್ಲು. ನಾನು ತಕ್ಷಣ ಬರ್ಕೊಂಡೆ:

"ಕಂಬಿ ಕಟ್ಟಿದ್ರು. ದಿನಾ ಕಾಣ್ತಿತ್ತು. ಊರ ಮೇಲಿನ ಮಾತೆಲ್ಲ ಆಡ್ತೀನಿ, ಅದನ್ನ ಬಿಚ್ಚಿ ಅಂತ ಮಾತ್ರ ಹೇಳ್ಲಿಲ್ಲ."

"ಕೊನೇಲಿ 'ನೀವು ಹೇಳಿ' ಅಂತ ಸೇರಿಸೋಣ್ವಾ ಅಕ್ಕ?" ಅಂದೆ. ನಿನ್ನ ರಕ್ತ ಅಲ್ವಾ, ಕೈ ಕೆರೀತು.

"ಯಾಕೆ? ಓದೋರಿಗೆ ತಲೆ ಇಲ್ವಾ?" ಅಂದ್ಲು.

ಸೇರಿಸ್ಲಿಲ್ಲ.

ಕಂಪನಿಯವರು ಮೂತಿ ಸೊಟ್ಟ ಮಾಡ್ಕೊಂಡು ಪ್ರಿಂಟ್ ಮಾಡಿಸಿದ್ರು. ಗಿಣಿಯಕ್ಕ ಸೋಮವಾರದಿಂದ ಬರ್ತಿದ್ದಾಳೆ. ಬಟ್ಟೆ ವಿಂಗಡಿಸೋ ಕಡೆ ಹಾಕಿದ್ದಾರೆ, ಎಡಗೈ ಸಾಕು. ಬಲಗೈಯ ಎರಡು ಬೆರಳು ಸ್ವಲ್ಪ ಮಡಚತ್ತೆ, ಉಳಿದವು ಇಲ್ಲ. ಡಾಕ್ಟರ್ ವ್ಯಾಯಾಮ ಹೇಳ್ಕೊಟ್ಟಿದ್ದಾರೆ. ಹೋಟೆಲ್ ಹುಡುಗರ ಶರ್ಟಿನ ಕಾಲರ್ ತಿರುವಿ ತಿರುವಿ ಅದೇ ವ್ಯಾಯಾಮ ಮಾಡ್ತಾಳೆ, ಪಕ್ಕದವಳಿಗೆ ಹೇಳ್ಕೊಂಡು.

ಗಡಿಯಾರನ್ನ ಕೆಲಸದಿಂದ ತೆಗೀಲಿಲ್ಲ. ಎಚ್ಚರಿಕೆ ಕೊಟ್ಟು ಬಿಟ್ರು. ನಂಗೆ ರಕ್ತ ಕುದೀತು. ನೀನಿದ್ದಿದ್ರೆ ಸಮಾಧಾನ ಅಂತಿದ್ದೆ.

ನಿನ್ನೆ ಏನಾಯ್ತು ಅಂದ್ರೆ, ಆಸ್ಪತ್ರೆಯ ದಪ್ಪ ಕಂಬಳಿ ಬಂದಿತ್ತು. ಕೊಡ್ತಿದ್ದ ಹಾಗೇ ಕಂಬಿಗೆ ತಾಗಿ ರೋಲರ್ ನಿಂತಿತು. ಮತ್ತೆ ಶುರು ಮಾಡಿದ್ವಿ, ಮತ್ತೆ ನಿಂತಿತು. ಗಡಿಯಾರ ಬಂದ. ಕೈಗಡಿಯಾರ ನೋಡ್ಕೊಂಡ. ಲೊಚ್ ಅಂದ. ಆ ಕಡೆ ಈ ಕಡೆ ನೋಡಿ, ಮೂಲೇಲಿದ್ದ ಹಗ್ಗದ ಉಂಡೆ ಎತ್ಕೊಂಡ. ಅವನ ಕೈಗೆ ಅಭ್ಯಾಸ ಆಗಿಬಿಟ್ಟಿದೆ, ಅವನಿಗೇ ಗೊತ್ತಿಲ್ಲದೆ ಹೋಗತ್ತೆ.

ನಾನು ಬಾಯಿ ತೆರೆದೆ. ನನ್ನ ಬಾಯಿ ತೆರೀತು ಅಂದ್ರೆ ಏನು ಬರತ್ತೆ ಅಂತ ನಿಂಗೆ ಗೊತ್ತಲ್ಲ. ಬರೋದ್ರೊಳಗೆ ಆ ಕಡೆ ತುದಿಯಿಂದ ಮಾತು ಬಂತು. ಗಿಣಿಯಕ್ಕನ ಜಾಗಕ್ಕೆ ಬಂದಿದ್ದಾಳಲ್ಲ, ತುಟಿ ಬಿಚ್ಚದವಳು, ಅವಳು. ಕಂಬಳಿ ಅಂಚು ಹಿಡ್ಕೊಂಡೇ ಇದ್ಲು, ಅವನ ಮುಖಾನೂ ನೋಡ್ತಿರಲಿಲ್ಲ.

"ಸರ್, ಕಟ್ಬೇಡಿ."

ಅಷ್ಟೇ. ಮಷೀನ್ ನಿಂತಿದ್ರಿಂದ ಎಲ್ಲರಿಗೂ ಕೇಳಿಸ್ತು. ಬಟ್ಟೆ ಮಡಚೋ ಕಡೆಯವರೂ ತಿರುಗಿದ್ರು. ಯಾರೂ ಕೆಲಸ ಶುರು ಮಾಡ್ಲಿಲ್ಲ. ಗಡಿಯಾರ ಹಗ್ಗ ಹಿಡ್ಕೊಂಡು ನಿಂತ. ಇನ್ನೊಂದ್ಸಲ ಕೈ ನೋಡ್ಕೊಂಡ. ಆಮೇಲೆ ಉಂಡೇನ ಮೂಲೆಗೆ ಎಸೆದು, 'ನಿಧಾನಕ್ಕೆ ಕೊಡ್ರಮ್ಮ, ನಿಧಾನಕ್ಕೆ' ಅಂತ ಹೊರಟುಹೋದ.

ನಾವು ನಿಧಾನಕ್ಕೆ ಕೊಟ್ವಿ.

ಮುಂದಿನ ತಿಂಗಳು ಬಾ. ಎದುರಿಗೆ ಕೂತು ಹೇಳ್ತೀನಿ ಅಂದಿದ್ಯಲ್ಲ, ಕೂತ್ಕೊಂಡು ಕೇಳ್ತೀನಿ. ಬೈಯಲ್ಲ ಅಂತ ಮಾತ್ರ ಮಾತು ಕೊಡಲ್ಲ.

ನಿನ್ನ
ಸಿಡುಕಿ